ಅರ್ಧ ಕಂದು, ಅರ್ಧ ಹಳದಿ

ಅವಳನ್ನು ಎಲ್ಲರೂ ಕರೆಯುವುದು ಟೇಪಕ್ಕ ಎಂದೇ. ಅಳತೆಯ ಟೇಪು ಅವಳ ಕುತ್ತಿಗೆಯಿಂದ ಇಳಿದದ್ದನ್ನು ಕಂಡವರಿಲ್ಲ. ಬ್ಯಾಂಕಿಗೆ ಹೋದರೂ ಅದು ಕುತ್ತಿಗೆಯಲ್ಲಿರುತ್ತದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗಲೂ ಇರುತ್ತದೆ. ವಯಸ್ಸು ಐವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದವರ ಸೊಂಟದ ಅಳತೆಯನ್ನು ಅಂಗಡಿಯಲ್ಲಿರುವ ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತಾಳೆ, ಆದ್ದರಿಂದ ಯಾರೂ ಕೇಳುವ ಗೋಜಿಗೆ ಹೋಗುವುದಿಲ್ಲ. ಮಷಿನ್ನಿನ ಮೇಲೆ ಬಗ್ಗಿ ಬಗ್ಗಿ ಅವಳ ಬಲ ಹೆಗಲು ಎಡಕ್ಕಿಂತ ಒಂದಿಷ್ಟು ಕೆಳಗೆ ಇಳಿದಿದೆ. ಊರಿನ ವಕ್ರ ಹೆಗಲುಗಳನ್ನೆಲ್ಲ ನೆಟ್ಟಗೆ ಕಾಣುವಂತೆ ಹೊಲಿಯುವವಳಿಗೆ ತನ್ನದು ಮಾತ್ರ ಹಾಗೇ ಇರಲಿ ಎನಿಸಿದೆ.

ಅಂಗಡಿ ಒಂದೇ ಕೋಣೆಯದು. ಬೀದಿಯ ಕಡೆಗೆ ದೊಡ್ಡ ಗಾಜು, ಗಾಜಿನ ಹಿಂದೆ ತಲೆಯಿಲ್ಲದ ಒಂದು ಬೊಂಬೆ, ಅದರಾಚೆ ಎರಡು ಮಷಿನ್ನು, ಇಸ್ತ್ರಿ ಮೇಜು, ಬಟ್ಟೆಯ ಕಪಾಟು. ಒಂದು ಮಷಿನ್ನು ಅವಳದು, ಇನ್ನೊಂದರಲ್ಲಿ ಅವಳ ತಮ್ಮನ ಹೆಂಡತಿ ಕೂರುತ್ತಾಳೆ. ಗುಂಡಿ, ಕಾಜಾ, ಅಂಚು ಮಡಿಸುವುದು ಈಕೆಯ ಇಲಾಖೆ. ಮಾತೂ ಈಕೆಯದೇ ಇಲಾಖೆ. ಬಾಗಿಲ ಬಳಿ ಗಿರಾಕಿಗಳಿಗೆಂದು ಹಾಕಿದ ಉದ್ದ ಬೆಂಚಿದೆ. ಅದರಲ್ಲಿ ಗಿರಾಕಿಗಳು ಕೂತು ಎಷ್ಟೋ ಕಾಲವಾಯಿತು. ಅಂಗಡಿ ಇರುವುದು ಶಾಲೆಗೂ ಬಸ್ ನಿಲ್ದಾಣಕ್ಕೂ ನಡುವೆ. ಸಂಜೆ ಬಸ್ಸಿಗೆ ಕಾಯುವ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಬೆಂಚನ್ನು ಹಿಡಿದು, ಈಗ ಅದು ಅವರ ಅಪ್ಪನ ಮನೆಯ ಸೊತ್ತು ಎಂಬಂತೆ ಆಡುತ್ತಾರೆ.

ಆ ಹುಡುಗಿಯರ ಯೂನಿಫಾರಂ ಹೊಲಿದವಳು ಟೇಪಕ್ಕ. ಯಾರ ತೋಳು ಎಷ್ಟುದ್ದ, ಯಾರು ಕಳೆದ ವರ್ಷದಿಂದ ಈಚೆಗೆ ಗೇಣುದ್ದ ಬೆಳೆದಳು ಎಲ್ಲ ಅವಳ ಬಾಯಲ್ಲಿದೆ. ಹೆಸರುಗಳು ಅವಳ ತಲೆಯಲ್ಲಿ ನಿಲ್ಲುವುದಿಲ್ಲ. ಒಬ್ಬಳು ಕನ್ನಡಕ, ಒಬ್ಬಳು ಮೆಣಸಿನಕಾಯಿ, ಎಲ್ಲರಿಗಿಂತ ಚಿಕ್ಕವಳು ಪುಟ್ಟಿ, ಉಳಿದವರು ಸಾರಾಸಗಟಾಗಿ 'ಏ ಹುಡುಗಿ'.

ಈ ಹುಡುಗಿಯರಿಗೆ ಹಿಡಿದ ಹುಚ್ಚು ಒಂದು ಕಾದಂಬರಿಯದು. ಮೂರು ಭಾಗದ ಕಾದಂಬರಿ, ಹದಿನೈದರ ಇಬ್ಬರು ಹುಡುಗಿಯರದು. ಒಬ್ಬಳು ಸಣಕಲು, ನಾಲಿಗೆ ಚೂಪು, ಅಣ್ಣನ ಹಳೆಯ ಕಂದು ಜಾಕೆಟ್ಟನ್ನು ಚರ್ಮದಂತೆ ಮೈಗಂಟಿಸಿಕೊಂಡಿರುವವಳು, ಅಡ್ಡಹೆಸರು ಮುಳ್ಳಿ. ಇನ್ನೊಬ್ಬಳು ದಪ್ಪ, ಗುಂಗುರು ಕೂದಲು, ಸದಾ ಹಳದಿ ಜಾಕೆಟ್ಟು, ಅವಳು ಗುಂಗುರಿ. ಇಬ್ಬರದೂ ಒಂದೇ ಜೀವ. ಎರಡನೇ ಭಾಗದ ಕೊನೆಯಲ್ಲಿ, ಮುಳ್ಳಿ ಈಗಲೂ ದೀಪ ಹಚ್ಚಿಕೊಂಡೇ ಮಲಗುತ್ತಾಳೆ ಎಂಬ ಗುಟ್ಟನ್ನು ಗುಂಗುರಿ ತರಗತಿಯಲ್ಲಿ ಎಲ್ಲರೆದುರು ಹೇಳಿಬಿಡುತ್ತಾಳೆ. ಮಾತು ನಿಂತುಹೋಗುತ್ತದೆ. ಇಷ್ಟಕ್ಕೆಲ್ಲ ಯಾರಾದರೂ ಮಾತು ಬಿಡುತ್ತಾರೆಯೇ ಎಂದು ನಿಮಗೆ ಅನಿಸಿದರೆ, ನಿಮಗೆ ಹದಿನೈದು ತುಂಬಿ ಬಹಳ ಕಾಲವಾಗಿದೆ ಎಂದು ತಿಳಿದುಕೊಳ್ಳಿ.

ಪುಸ್ತಕ ಒಂದೇ, ಓದುವವರು ಬೆಂಚಿನ ತುಂಬ. ಪುಸ್ತಕದ ಒಡತಿ ಕನ್ನಡಕ, ಆದ್ದರಿಂದ ಮೊದಲ ಸರದಿ ಅವಳದು. ಆಮೇಲೆ ಮೆಣಸಿನಕಾಯಿ, ಹೀಗೇ ಇಳಿಯುತ್ತ ಕೊನೆಗೆ ಪುಟ್ಟಿ. ಪರೀಕ್ಷೆಯ ವರ್ಷ ಮನೆಯಲ್ಲಿ ಕಾದಂಬರಿ ಕಂಡರೆ ಅಮ್ಮಂದಿರು ಗುಡುಗುತ್ತಾರೆ. ಅದಕ್ಕೆ ಹುಡುಗಿಯರು ಒಂದು ಉಪಾಯ ಮಾಡಿದರು. ಓದಿ ಮುಗಿಸಿದವಳು ಬೆಳಿಗ್ಗೆ ಶಾಲೆಗೆ ಹೋಗುವಾಗ ಪುಸ್ತಕವನ್ನು ಟೇಪಕ್ಕನ ಕಪಾಟಿನಲ್ಲಿ ಲೈನಿಂಗ್ ಬಟ್ಟೆಯ ಅಡಿಯಲ್ಲಿ ಇಡಬೇಕು, ಮುಂದಿನವಳು ಸಂಜೆ ಬಂದು ತೆಗೆದುಕೊಳ್ಳಬೇಕು. ಕಟ್ಟುನಿಟ್ಟಿನ ಒಂದು ನಿಯಮವೂ ಇತ್ತು: ಮುಂದೇನಾಗುತ್ತದೆ ಎಂದು ಬಾಯಿಬಿಟ್ಟವಳು ಸರದಿಯಿಂದ ಹೊರಗೆ, ಬೆಂಚಿನಿಂದಲೂ ಹೊರಗೆ.

"ನನಗೇನು, ಒಂದು ಮೂಲೇಲಿ ಬಿದ್ದಿರಲಿ," ಎಂದಳು ಟೇಪಕ್ಕ, ಮೂಗು ಮುರಿದು.

ಮೂಗು ಮುರಿದದ್ದೇನೋ ನಿಜ. ಆದರೆ ಮೊದಲ ಭಾಗದ ಮುಖಪುಟದಲ್ಲಿ ಮುಳ್ಳಿಯ ಚಿತ್ರವಿತ್ತು, ಅವಳ ಜಾಕೆಟ್ಟಿನ ಕಾಲರು ವಿಚಿತ್ರವಾಗಿತ್ತು. ಮಧ್ಯಾಹ್ನ ಬೀದಿ ತೂಕಡಿಸುವ ಹೊತ್ತಿನಲ್ಲಿ, ತಮ್ಮನ ಹೆಂಡತಿ ಊಟಕ್ಕೆ ಮನೆಗೆ ಹೋಗಿದ್ದಾಗ, ಕಾಲರು ಹೇಗೆ ಕೂರಿಸಿದ್ದಾರೆ ನೋಡೋಣ ಎಂದು ಪುಸ್ತಕ ತೆಗೆದಳು. ಕಾಲರಿನ ಬಗ್ಗೆ ಒಳಗೆ ಏನಾದರೂ ಬರೆದಿರಬಹುದು ಎಂದು ಮೊದಲ ಪುಟ ತಿರುಗಿಸಿದಳು. ಕಾಲರಿನ ಬಗ್ಗೆ ಏನೂ ಇರಲಿಲ್ಲ. ಅದು ಗೊತ್ತಾದದ್ದು ಅರ್ಧ ಪುಸ್ತಕ ಮುಗಿದ ಮೇಲೆ, ಇಸ್ತ್ರಿ ಪೆಟ್ಟಿಗೆಯ ಕೆಳಗಿನ ಬಟ್ಟೆ ಸುಟ್ಟ ವಾಸನೆ ಬಂದಾಗ.

ಅಂದಿನಿಂದ ಅವಳು ಕೆಟ್ಟಳು. ಪುಸ್ತಕ ಕೈ ಬದಲಾಯಿಸುವ ದಿನಗಳಿಗಾಗಿ ಚಾತಕಪಕ್ಷಿಯಂತೆ ಕಾಯತೊಡಗಿದಳು. ಯಾವಳಾದರೂ ನಿಧಾನವಾಗಿ ಓದಿದರೆ ಸಿಡುಕುತ್ತಿದ್ದಳು: "ಏನೇ, ಅಕ್ಷರ ಅಕ್ಷರ ಜಗಿದು ನುಂಗ್ತೀಯಾ?" ಕಂತುಕಂತಾಗಿ, ಕದ್ದುಮುಚ್ಚಿ, ಎರಡು ಭಾಗ ಮುಗಿಸಿದಳು.

ಆ ಪುಸ್ತಕದಲ್ಲಿ ಅವಳಿಗೆ ಸಿಕ್ಕಿದ್ದಾದರೂ ಏನು? ಅವಳನ್ನೇ ಕೇಳಿದ್ದರೆ ಕಾಲರು ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ, ಅಲ್ಲಿ ಎಲ್ಲವೂ ಮೊದಲ ಸಲ ಆಗುತ್ತಿತ್ತು. ಯಾರೋ ಒಬ್ಬಳು ಪಕ್ಕದಲ್ಲಿ ಕೂರದೆ ಬೇರೆ ಕಡೆ ಕೂತರೆ ಲೋಕವೇ ಮುಳುಗುತ್ತಿತ್ತು, ಒಂದು ಮುಗುಳ್ನಗೆಗೆ ಅದೇ ಲೋಕ ಮತ್ತೆ ಎದ್ದು ನಿಲ್ಲುತ್ತಿತ್ತು. ಟೇಪಕ್ಕನ ಹದಿನೈದು ಬಂದದ್ದೂ ಹೋದದ್ದೂ ಇದೇ ಮಷಿನ್ನಿನ ಮುಂದೆ. ಅಂಗಡಿ ನಡೆಸುತ್ತಿದ್ದ ಅಪ್ಪನಿಗೆ ಕಣ್ಣು ಮಂಜಾಯಿತು, ತಮ್ಮ ಇನ್ನೂ ಮಗು, ಶಾಲೆ ಅಲ್ಲಿಗೆ ನಿಂತಿತು. ಅವಳಿಗೂ ಒಬ್ಬ ಗೆಳತಿಯಿದ್ದಳು. ಶಾಲೆಗೆ ಹೋಗುವಾಗ ಗಾಜಿಗೆ ಮೂಗು ಒತ್ತಿ ಅಣಕಿಸಿ ಹೋಗುತ್ತಿದ್ದಳು. ಬರಬರುತ್ತ ಗಾಜಿನಿಂದ ದೂರ ನಿಂತು ಕೈಬೀಸುತ್ತಿದ್ದಳು, ಆಮೇಲೆ ರಸ್ತೆಯ ಎದುರು ಬದಿಯಲ್ಲೇ ಹೋಗತೊಡಗಿದಳು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಟೇಪಕ್ಕನಿಗೆ ಈಗಲೂ ಅದು ಬೇಸರವೇ.

ಈಗ ಅವಳ ಆಸೆ ಒಂದೇ, ಆ ಬೆಂಚಿನ ತುದಿಯಲ್ಲಿ ಕೂತು ಮಾತಾಡಬೇಕು. ಸಂಜೆ ಹುಡುಗಿಯರು ಮುಳ್ಳಿಯದು ಸರಿಯೋ ಗುಂಗುರಿಯದು ಸರಿಯೋ ಎಂದು ಕಿತ್ತಾಡುವಾಗ ಅವಳ ಕಿವಿ ನೆಟ್ಟಗಾಗುತ್ತಿತ್ತು, ನಾಲಿಗೆ ತುರಿಸುತ್ತಿತ್ತು. ಒಮ್ಮೆ ತಡೆಯಲಾರದೆ, "ಹಾಗಲ್ಲ ಕಣ್ರೇ..." ಎಂದು ಶುರುಮಾಡಿದಳು. ಎಲ್ಲರೂ ಮಾತು ನಿಲ್ಲಿಸಿ ಅವಳತ್ತ ತಿರುಗಿದರು.

"ಅಕ್ಕಾ, ಇದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ," ಎಂದಳು ಮೆಣಸಿನಕಾಯಿ, ಬಲು ಮೃದುವಾಗಿ. ಬೈದಿದ್ದರೆ ಪರವಾಗಿರಲಿಲ್ಲ.

ತಮ್ಮನ ಹೆಂಡತಿಯ ಭಯ ಬೇರೆ. "ನೋಡಿದ್ರಾ ಅತ್ತಿಗೆ, ಕತ್ತೆ ವಯಸ್ಸಾದ ನಮ್ಮ ಪಕ್ಕದ ಮನೆಯವಳು ಇಂಥದ್ದೇ ಪುಸ್ತಕ ಓದಿ ಗೊಳೋ ಅಂತ ಅಳ್ತಾಳಂತೆ," ಎಂದು ಅವಳು ನಕ್ಕಾಗ ಟೇಪಕ್ಕನೂ ನಕ್ಕಿದ್ದಳು, ಬೇಕಾದ್ದಕ್ಕಿಂತ ಜೋರಾಗಿ. ಅಂದಿನಿಂದ ಹುಡುಗಿಯರು ಪುಸ್ತಕದ ಮಾತು ತೆಗೆದ ಕೂಡಲೇ ಅವಳು ನಾಲ್ಕಾರು ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದಳು. ಬಾಯಿಗೆ ಅದಕ್ಕಿಂತ ಒಳ್ಳೆಯ ಬೀಗ ದರ್ಜಿಗಳ ಬಳಿ ಇಲ್ಲ.

ಹೀಗಿರುವಾಗ ಮೂರನೇ ಭಾಗ ಬಂತು. ಕನ್ನಡಕ ಒಂದೇ ಉಸಿರಿಗೆ ಓದಿ, ಅತ್ತು ಊದಿದ ಕಣ್ಣುಗಳನ್ನು ಕನ್ನಡಕದ ಹಿಂದೆ ಬಚ್ಚಿಟ್ಟು, ಪುಸ್ತಕವನ್ನು ಕಪಾಟಿನಲ್ಲಿಟ್ಟಳು. ಮುಂದಿನ ಸರದಿ ಮೆಣಸಿನಕಾಯಿಯದು. ಅವಳು ಅಂದೇ ಜ್ವರ ಬಂದು ಹಾಸಿಗೆ ಹಿಡಿದಳು. ಪುಸ್ತಕ ಅಂಗಡಿಯಲ್ಲೇ ಉಳಿಯಿತು. ಟೇಪಕ್ಕ ಆ ಹುಡುಗಿಗಾಗಿ ಮನಸಾರೆ ಮರುಗಿದಳು, ಮರುಗುತ್ತಲೇ ಲೈನಿಂಗ್ ಬಟ್ಟೆಯ ಅಡಿಗೆ ಕೈ ಹಾಕಿದಳು.

ಕೊನೆಯ ಅಧ್ಯಾಯದಲ್ಲಿ ಮುಳ್ಳಿ ಮತ್ತು ಗುಂಗುರಿ ರಾಜಿಯಾಗುತ್ತಾರೆ. ಆಗಿ, ತಮ್ಮ ಎರಡು ಜಾಕೆಟ್ಟುಗಳನ್ನೂ ಬೆನ್ನ ಮಧ್ಯಕ್ಕೆ ಸೀಳಿ, ಒಂದರ ಅರ್ಧವನ್ನು ಇನ್ನೊಂದರ ಅರ್ಧಕ್ಕೆ ಸೇರಿಸಿ, ಒಂದೇ ಸಂಜೆಯಲ್ಲಿ ಕೈಯಿಂದ ಹೊಲಿದುಬಿಡುತ್ತಾರೆ. ಮರುದಿನ ಇಬ್ಬರೂ ಅರ್ಧ ಕಂದು ಅರ್ಧ ಹಳದಿಯ ಜಾಕೆಟ್ಟು ತೊಟ್ಟು ಶಾಲೆಯ ಗೇಟು ದಾಟುತ್ತಾರೆ. ಅಲ್ಲಿಗೆ ಕತೆ ಮುಗಿಯುತ್ತದೆ. ಟೇಪಕ್ಕ ಕಣ್ಣೊರೆಸಿಕೊಂಡಳು. ಮೂಗು ಸೀಟಿದಳು. ಆಮೇಲೆ ಒಳಗಿದ್ದ ದರ್ಜಿ ಎದ್ದು ಕೂತಳು.

"ಒಂದೇ ಸಂಜೇಲಾ? ಇವರ ತಲೆ! ಒಬ್ಬಳು ಕಡ್ಡಿ, ಒಬ್ಬಳು ಮೂಟೆ, ಬೆನ್ನಿನ ಹೊಲಿಗೆ ಹೇಗೆ ಕೂರುತ್ತೆ?"

ಬಟ್ಟೆಗೆ ಕತ್ತರಿ ಹಾಕಿ ನೋಡುವ ತನಕ ಅವಳು ಯಾವುದನ್ನೂ ನಂಬುವುದಿಲ್ಲ, ಅದು ಅಪ್ಪ ಕಲಿಸಿದ ಪಾಠ. ಕಪಾಟಿನ ತಳದಲ್ಲಿ ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಒಂದು ಕಂದು ಜಾಕೆಟ್ಟಿತ್ತು. ಹಳದಿಯದೂ ಒಂದು ಸಿಕ್ಕಿತು. ಎರಡನ್ನೂ ಬಿಚ್ಚಿದಳು. ಅರ್ಧಕ್ಕೆ ಅರ್ಧ ಸೇರಿಸಲು ಹೋದರೆ ಒಂದು ತುದಿ ಹಿಡಿದಾಗ ಇನ್ನೊಂದು ಜಾರಿತು, ಅದನ್ನು ಹಿಡಿದಾಗ ಇದು ಸುಕ್ಕಾಯಿತು. ಮಧ್ಯಾಹ್ನಗಳನ್ನೆಲ್ಲ ಅದಕ್ಕೇ ಸುರಿದಳು. ಹೊಲಿಯುತ್ತ ಹೊಲಿಯುತ್ತ ಅವಳಿಗೆ ಹೊಳೆಯಿತು, ಬರೆದವರು ಸುಳ್ಳು ಬರೆದಿರಲಿಲ್ಲ. ಪುಸ್ತಕದಲ್ಲಿ ಒಬ್ಬಳು ಹಿಡಿದಿದ್ದಳು, ಇನ್ನೊಬ್ಬಳು ಹೊಲಿದಿದ್ದಳು. ಇಬ್ಬರಿದ್ದರೆ ಒಂದು ಸಂಜೆ ಸಾಕು. ತಾನು ಒಬ್ಬಳೇ ಕೂತು ಮಾಡಲು ಹೋದದ್ದೇ ತಪ್ಪು.

ಆದರೂ ಬಿಡಲಿಲ್ಲ, ಮುಗಿಸಿದಳು. ಮುಗಿಸಿ ಅಭ್ಯಾಸಬಲದಿಂದ ಬೊಂಬೆಗೆ ತೊಡಿಸಿದಳು. ಆ ಅಂಗಡಿಯಲ್ಲಿ ಯಾವ ಜಾಕೆಟ್ಟೇ ಆಗಲಿ, ಹೆಗಲು ಕೂರಲಿ ಎಂದು ಒಂದು ದಿನ ಬೊಂಬೆಯ ಮೈಮೇಲಿದ್ದೇ ಹೊರಗೆ ಹೋಗಬೇಕು. ಇದೂ ಅಪ್ಪನ ಕಾಲದ ಪದ್ಧತಿ. ಹೊಸ ಜಾಕೆಟ್ಟು ಬೊಂಬೆಯ ಮೇಲೆ ಯಾಕೋ ಸ್ವಲ್ಪ ಸೊಟ್ಟಗೆ ಕೂತಿತು. ನಾಳೆ ಸರಿಯಾಗುತ್ತದೆ ಎಂದುಕೊಂಡು ಬಾಗಿಲು ಹಾಕಿ ಮನೆಗೆ ಹೋದಳು. ಬೊಂಬೆ ನಿಂತಿರುವುದು ಬೀದಿಯ ಗಾಜಿನ ಹಿಂದೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಒಂದೇ ಜಾಗದಲ್ಲಿ ಒಂದು ವಸ್ತು ಒಂದು ಜೀವಮಾನ ನಿಂತರೆ ಅದು ಎಲ್ಲಿದೆ ಎಂದು ಯಾರು ಯೋಚಿಸುತ್ತಾರೆ?

ಮರುದಿನ ಬೆಳಿಗ್ಗೆ ಇಡೀ ಶಾಲೆ ಆ ಗಾಜಿನ ಮುಂದೆ ಹಾದುಹೋಯಿತು. ಮೊದಲೆರಡು ಭಾಗ ಓದಿದ ಯಾವ ಹುಡುಗಿಗೂ ಮೂರನೆಯದರ ಕೊನೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಅಲ್ಲೇ ನಿಂತಿತ್ತು, ತಲೆಯಿಲ್ಲದೆ.

ಸಂಜೆ ಅವರು ದಂಡು ಕಟ್ಟಿಕೊಂಡು ಬಂದರು. ಜ್ವರ ಬಿಟ್ಟ ಮೆಣಸಿನಕಾಯಿ ಮುಂದೆ, ಪುಟ್ಟಿ ಹಿಂದೆ, ಅತ್ತು ಕೆಂಪಾದ ಮೂಗಿನೊಂದಿಗೆ. ಟೇಪಕ್ಕ ಅವರ ಮುಖ ನೋಡಿದಳು, ಬೊಂಬೆ ನೋಡಿದಳು, ತಾನು ಮಾಡಿದ್ದೇನೆಂದು ಆಗ ತಿಳಿಯಿತು. ಏನು ಮಾಡಲೂ ತೋಚದೆ ಪಿನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ಆದರೆ ಅವರು ಅವಳತ್ತ ತಿರುಗಿಯೂ ನೋಡಲಿಲ್ಲ. ಎಲ್ಲರೂ ತಿರುಗಿದ್ದು ಕನ್ನಡಕದ ಕಡೆಗೆ.

"ನೀನೇ ಹೇಳಿದ್ದು," ಎಂದಳು ಮೆಣಸಿನಕಾಯಿ. "ಓದಿದವಳು ನೀನೊಬ್ಬಳೇ. ಅಕ್ಕನ ಹತ್ರ ಎಲ್ಲ ಬಾಯಿಬಿಟ್ಟು, ಇದನ್ನ ಹೊಲಿಸಿಕೊಂಡಿದ್ದೀಯ."

"ನಾನ್ಯಾಕೆ ಹೇಳ್ಲಿ? ನಾನು ಹೇಳಿಲ್ಲ!"

"ಮತ್ತೆ ಅಕ್ಕಂಗೆ ಕನಸು ಬಿತ್ತಾ? ನಿಯಮ ಮಾಡಿದವಳೇ ನೀನು. ಇನ್ಮೇಲೆ ನಮ್ಮ ಜೊತೆ ಕೂರಬೇಡ."

ಕನ್ನಡಕ ಬೆಂಚಿನ ಮೇಲಿದ್ದ ತನ್ನ ಚೀಲವನ್ನು ಮೆಲ್ಲಗೆ ಎತ್ತಿಕೊಂಡಳು. ಇದು ಎರಡನೇ ಭಾಗದ ಕೊನೆಯ ಪುಟವೇ ಎದ್ದು ಬಂದು ತನ್ನ ಅಂಗಡಿಯಲ್ಲಿ ನಿಂತಂತೆ ಕಂಡಿತು ಟೇಪಕ್ಕನಿಗೆ. ಹೇಳಿದರೆ ತಮ್ಮನ ಹೆಂಡತಿ ವರ್ಷಗಟ್ಟಲೆ ನಗುತ್ತಾಳೆ. ಈ ಹುಡುಗಿಯರು ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಬೇರೆ ನೆರಳು ಹುಡುಕಿಕೊಳ್ಳುತ್ತಾರೆ, ಬೆಂಚು ಖಾಲಿಯಾಗುತ್ತದೆ. ಹೇಳದಿದ್ದರೆ ಈ ಹುಡುಗಿ ನಾಳೆಯಿಂದ ರಸ್ತೆಯ ಎದುರು ಬದಿಯಲ್ಲಿ ನಡೆದುಹೋಗುತ್ತಾಳೆ.

ಒಂದೊಂದಾಗಿ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

"ಅವಳು ಹೇಳಿಲ್ಲ. ನಾನೇ ಓದಿದೆ."

ತಮ್ಮನ ಹೆಂಡತಿಯ ಮಷಿನ್ನು ನಿಂತಿತು.

"ನೀವಾ?" ಎಂದಳು ಮೆಣಸಿನಕಾಯಿ.

"ನಾನೇ. ಮೂರೂ ಭಾಗ. ಕದ್ದು ಓದಿದೆ."

"ಸುಮ್ನೆ ಅವಳನ್ನ ಉಳಿಸೋಕೆ ಹೇಳ್ತಿದ್ದೀರ. ಹಾಗಾದ್ರೆ ಹೇಳಿ, ಎರಡನೇ ಭಾಗದಲ್ಲಿ ಮುಳ್ಳಿ ಅಣ್ಣನ ಸೈಕಲ್ ಎಲ್ಲಿ ಬಚ್ಚಿಡ್ತಾಳೆ?"

"ಗುಂಗುರಿ ಮನೆ ಕೋಳಿಗೂಡಲ್ಲಿ! ಬಚ್ಚಿಟ್ಟು ತಾನೇ ಮರೀತಾಳೆ. ಅವಳಿಗೆ ತಲೇಲಿ ಏನಿದೆ ಹೇಳು? ಕೋಪ ಒಂದಿದೆ. ನೀವೆಲ್ಲ ಮುಳ್ಳಿ ಮುಳ್ಳಿ ಅಂತ ತಲೆ ಮೇಲೆ ಹೊತ್ಕೊಂಡು ಕುಣೀತೀರ. ಗುಂಗುರಿ ಆ ಗುಟ್ಟು ಹೇಳಿದ್ದು ಹಂಗಿಸೋಕಲ್ಲ. ಶಾಲೆ ಟೂರಲ್ಲಿ ತಂಗಿದ್ದಾಗ ರಾತ್ರಿ ದೀಪ ಯಾಕೆ ಆರಿಸಿಲ್ಲ ಅಂತ ಟೀಚರ್ ಬೈದ್ರಲ್ಲ, ಅವಳನ್ನ ಬೈಗುಳದಿಂದ ಬಿಡಿಸೋಕೆ ಹೇಳಿದ್ದು. ಅಷ್ಟೂ ಗೊತ್ತಾಗಲ್ವಾ ನಿಮಗೆ?"

"ಆದ್ರೂ ಹೇಳಬಾರದಿತ್ತು!"

"ಹೇಳಬಾರದಿತ್ತು, ಸರಿ. ಅದಕ್ಕೆ ಅಷ್ಟು ದಿನ ಮಾತು ಬಿಡೋದಾ?"

"ಬಿಡಬೇಕು ಅಕ್ಕಾ! ನಂಬಿಕೆ ಅನ್ನೋದು ಬೇಡ್ವಾ?"

ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು. ಟೇಪಕ್ಕನದು ಎಲ್ಲರಿಗಿಂತ ದೊಡ್ಡ ಬಾಯಿ, ಮೂರು ಭಾಗದಷ್ಟು ಮಾತು ಒಳಗೆ ಕೂಡಿಬಿದ್ದಿತ್ತಲ್ಲ. ಹೊರಗೆ ಬಸ್ಸು ಬಂತು, ಹೋಯಿತು. ಕನ್ನಡಕ ಎತ್ತಿಕೊಂಡ ಚೀಲವನ್ನು ಮತ್ತೆ ಬೆಂಚಿನ ಮೇಲಿಟ್ಟು, ಗುಂಗುರಿಯ ಪರವಾಗಿ ವಾದಕ್ಕಿಳಿದಳು.

ಈ ಗದ್ದಲದ ನಡುವೆ ಪುಟ್ಟಿ ಬೊಂಬೆಯಿಂದ ಜಾಕೆಟ್ಟು ತೆಗೆದು ತೊಟ್ಟು ನೋಡುತ್ತಿದ್ದಳು. ತೋಳು ಮೊಣಕಾಲಿಗೆ ಬಂತು. ಅವಳಿಂದ ಕಿತ್ತು ಮೆಣಸಿನಕಾಯಿ ತೊಟ್ಟಳು, ಹೆಗಲು ಒಂದು ಕಡೆ ಜೋತುಬಿತ್ತು. ಕನ್ನಡಕಕ್ಕೂ ಆಗಲಿಲ್ಲ, ಯಾರಿಗೂ ಆಗಲಿಲ್ಲ.

"ಇದು ಯಾರ ಅಳತೆ ಅಕ್ಕಾ?" ಪುಟ್ಟಿ ಕೇಳಿದಳು. "ನಮ್ಮಲ್ಲಿ ಯಾರದ್ದೂ ಅಲ್ವಲ್ಲ."

ಟೇಪಕ್ಕ ಪೆಚ್ಚಾಗಿ ಪಿನ್ನುಗಳ ಕಡೆ ಕೈ ಚಾಚಿದಳು. ಬೇಕೆಂದು ಮಾಡಿದ್ದಲ್ಲ. ಟೇಪು ಹಿಡಿಯದೆ, ಯಾರಿಗೆಂದು ಯೋಚಿಸದೆ, ಕೈ ಹೋದ ಕಡೆ ಕತ್ತರಿಸಿದ್ದಳು. ತಮ್ಮನ ಹೆಂಡತಿ ಎದ್ದು ಬಂದು ಜಾಕೆಟ್ಟನ್ನು ಎತ್ತಿ ಹಿಡಿದು, ಬೆಳಕಿಗೆ ತಿರುಗಿಸಿದಳು. ಬಲ ಹೆಗಲು ಎಡಕ್ಕಿಂತ ಒಂದಿಷ್ಟು ಕೆಳಗಿತ್ತು.

"ಇದು ನಮ್ಮ ಅತ್ತಿಗೆ ಅಳತೆ," ಎಂದಳು ಅವಳು. ಆಶ್ಚರ್ಯವೆಂದರೆ, ನಗಲಿಲ್ಲ.

ಹುಡುಗಿಯರು ಟೇಪಕ್ಕನ ಹೆಗಲನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅವರ ಹೆಗಲುಗಳನ್ನು ಅವಳು ಎಷ್ಟೋ ಸಲ ನೋಡಿದ್ದಳು. ಟೇಪಕ್ಕನಿಗೆ ನಾಚಿಕೆಯಾಯಿತು, ಅಳುವೂ ಬಂತು.

ಹುಡುಗಿಯರು ಬೆಂಚಿನ ಸುತ್ತ ತಲೆಗೆ ತಲೆ ಕೊಟ್ಟು ಗುಸುಗುಸು ನಡೆಸಿದರು. ಆಮೇಲೆ ಮೆಣಸಿನಕಾಯಿಯ ಬಾಯಿಂದ ತೀರ್ಪು ಬಂತು.

"ಕದ್ದು ಓದಿದ್ದು ತಪ್ಪು. ಕೊನೆ ಎಲ್ಲರಿಗೂ ಗೊತ್ತಾಗೋ ಹಾಗೆ ಮಾಡಿದ್ದು ಅದಕ್ಕಿಂತ ತಪ್ಪು. ಹೊರಗೆ ಹಾಕಬೇಕು ಅಂದ್ರೆ ನೀವು ಒಳಗೇ ಇರಲಿಲ್ಲ. ಅದಕ್ಕೆ ಶಿಕ್ಷೆ ಏನು ಅಂದ್ರೆ, ನಿಮ್ಮ ಸರದಿ ಎಲ್ಲರಿಗಿಂತ ಕೊನೇದು. ಪುಟ್ಟಿ ಆದ್ಮೇಲೆ. ಅಲ್ಲೀವರೆಗೂ ಪುಸ್ತಕ ಮುಟ್ಟಬಾರದು."

ಪುಟ್ಟಿಯ ಮುಖ ಅರಳಿತು. ಅವಳ ಜೀವಮಾನದಲ್ಲಿ ಅವಳ ಹಿಂದೆ ಯಾರಾದರೂ ನಿಂತದ್ದು ಅದೇ ಮೊದಲು.

"ನಿನಗೆ ಬೇಜಾರಿಲ್ವೇನೇ ಪುಟ್ಟಿ, ಕೊನೆ ಗೊತ್ತಾಗೋಯ್ತಲ್ಲ?" ಟೇಪಕ್ಕ ಕೇಳಿದಳು.

"ರಾಜಿ ಆಗ್ತಾರೆ ಅಂತ ಗೊತ್ತಾಯ್ತು. ಯಾರು ಮೊದ್ಲು ಮಾತಾಡಿದ್ರು ಅಂತ ಗೊತ್ತಿಲ್ವಲ್ಲ."

"ಅದಾ? ಮೊದ್ಲು ಮಾತಾಡಿದ್ದು..."

"ಅಕ್ಕಾ!" ಎಂದು ಇಡೀ ಬೆಂಚು ಕಿರುಚಿತು. ಟೇಪಕ್ಕ ಪಿನ್ನು ಕಚ್ಚಿಕೊಂಡಳು.

ಪುಸ್ತಕ ಕೈಯಿಂದ ಕೈಗೆ ಇಳಿಯಿತು. ಜಾಕೆಟ್ಟು ಕಪಾಟು ಸೇರಿತು. ಕಪಾಟಿನಲ್ಲಿ ಪುಸ್ತಕವೂ ಬಂದು ಕೂರುತ್ತಿದ್ದ ಮಧ್ಯಾಹ್ನಗಳಲ್ಲಿ ಟೇಪಕ್ಕ ಪಟ್ಟ ಪಾಡು ದೇವರಿಗೇ ಪ್ರೀತಿ. ಓದಿಯಾದ ಪುಸ್ತಕವೇ, ಆದರೂ ಕೈ ತುರಿಸುತ್ತಿತ್ತು. ಮುಟ್ಟಲಿಲ್ಲ. ತಮ್ಮನ ಹೆಂಡತಿ ಕಾವಲಿಗೆಂದು ಊಟದ ಡಬ್ಬಿಯನ್ನು ಅಂಗಡಿಗೇ ತರತೊಡಗಿದಳು. "ಅತ್ತಿಗೆ, ಕಣ್ಣು ಕಪಾಟಿನ ಕಡೆ ಹೋಗ್ತಿದೆ," ಎಂದು ಆಗಾಗ ಎಚ್ಚರಿಸುತ್ತಿದ್ದಳು. ಒಂದು ದಿನ ಮೆಲ್ಲಗೆ, ಕಾಜಾ ಹೊಲಿಯುತ್ತಲೇ, "ಆ ಮೊದಲನೇ ಭಾಗ ಯಾರ ಹತ್ರ ಇದೆಯಂತೆ?" ಎಂದು ಕೇಳಿದಳು. ಟೇಪಕ್ಕ ಕೇಳಿಸದವಳಂತೆ ಇದ್ದಳು, ಒಳಗೊಳಗೇ ನಕ್ಕಳು.

ಪರೀಕ್ಷೆ ಬಂದು ಹೋಯಿತು. ಒಂದು ಸಂಜೆ ಪುಟ್ಟಿ ಒಬ್ಬಳೇ ಬಂದಳು. ಮೂಗು ಮತ್ತೆ ಕೆಂಪಾಗಿತ್ತು, ಈ ಸಲ ಸರಿಯಾದ ಕಾರಣಕ್ಕೆ. ಪುಸ್ತಕವನ್ನು ಕಪಾಟಿನಲ್ಲಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ತಗೊಳ್ಳಿ ಅಕ್ಕಾ. ನಿಮ್ಮ ಸರದಿ."

"ನಾನು ಓದಿಯಾಗಿದೆಯಲ್ಲೇ."

"ಅದು ಕದ್ದು ಓದಿದ್ದು. ಲೆಕ್ಕಕ್ಕಿಲ್ಲ."

ಟೇಪಕ್ಕ ಕೈಯೊರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಪುಟ್ಟಿಯ ಕಣ್ಣು ಮೇಜಿನ ಅಡಿಯಲ್ಲಿ ಮಡಿಸಿಟ್ಟಿದ್ದ ಉಳಿದರ್ಧಗಳ ಮೇಲೆ ಬಿತ್ತು, ಒಂದು ಕಂದು, ಒಂದು ಹಳದಿ.

"ಪುಸ್ತಕದಲ್ಲಿ ಎರಡು ಜಾಕೆಟ್ ಇದೆ. ಇನ್ನೊಂದು ಯಾಕೆ ಹೊಲಿದಿಲ್ಲ?"

"ಒಬ್ಬಳೇ ಹಿಡಿಯೋಕಾಗಲ್ಲ ಕಣೇ. ಇಬ್ಬರು ಬೇಕು."

"ನಾನು ಹಿಡೀತೀನಿ. ನನ್ನ ಅಳತೆಗೆ ಮಾಡಿ." ಪುಟ್ಟಿ ಚೀಲ ಕೆಳಗಿಟ್ಟು ಬೆಂಚಿನಲ್ಲಿ ಜಾಗ ಮಾಡಿದಳು. "ಆದ್ರೆ ಮೊದ್ಲು ನೀವು ಕೊನೆ ಅಧ್ಯಾಯ ಓದಿ. ಇಲ್ಲೇ, ನನ್ನ ಪಕ್ಕ. ಯಾರು ಮೊದ್ಲು ಮಾತಾಡ್ತಾರೋ ಅಲ್ಲಿ ಬಂದಾಗ ನಿಮ್ಮ ಮುಖ ಹೇಗಾಗುತ್ತೆ ನಾನು ನೋಡ್ಬೇಕು."

ಟೇಪಕ್ಕ ಬೆಂಚಿನ ತುದಿಯಲ್ಲಿ ಕೂತಳು. ಗಾಜಿನಾಚೆ ಬೀದಿಯೆಲ್ಲ ನೋಡುವಂತೆ ಪುಸ್ತಕ ಬಿಚ್ಚಿದಳು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಕೆಮ್ಮಿದ. ಅವಳು ತಲೆಯೆತ್ತಲಿಲ್ಲ.

"ಅವರು ಓದ್ತಿದ್ದಾರೆ," ಎಂದಳು ತಮ್ಮನ ಹೆಂಡತಿ, ಮಷಿನ್ನು ನಿಲ್ಲಿಸದೆ. "ನಾಳೆ ಬನ್ನಿ."